ಉಳಿದ ದಿನ ನಾನೇನು ಮಾಡಲಿ?

ಕಾಡಂಚಿನ ಒಂದು ಊರು, ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆ. ನಾಲ್ಕನೆಯ ತರಗತಿಯ ಹುಡುಗನೊಬ್ಬನನ್ನು ಜಗುಲಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ನನ್ನ ಚೀಲದಲ್ಲಿ ಮಿಂಚುಪಟ್ಟಿಗಳು, ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರಗಳು, ಒಂದು ಮಣಿಚೌಕಟ್ಟು. ಒಂದು ಗಂಟೆ ಹೊತ್ತು ಇಬ್ಬರೂ ಅಕ್ಷರಗಳ ಜೊತೆ ಆಡಿದೆವು. ಹುಡುಗ ನಗುನಗುತ್ತ ಕಲಿತ. ನಾನು ಸಂದರ್ಶಕರ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ಮೂರು ಗಂಟೆಯ ಬಸ್ಸಿಗೆಂದು ಹೊರಟೆ. ಆ ತರಗತಿಯ ಮೇಷ್ಟ್ರು ಗೇಟಿನವರೆಗೂ ಬಂದರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದವರು. “ಮೇಡಂ, ನೀವು ಬಂದ್ರಿ, ಒಂದು ಗಂಟೆ ಹೇಳಿಕೊಟ್ರಿ, ಸಂತೋಷ. ಮತ್ತೆ ಬರೋದು ಯಾವಾಗಲೋ ಏನೋ. ಉಳಿದ ದಿನ ನಾನೇನು ಮಾಡ್ಲಿ? ಅದನ್ನ ನನಗೆ ಹೇಳಿಕೊಟ್ಟು ಹೋಗಿ” ಅಂದರು.

ಈ ಕೆಲಸಕ್ಕೆ ಬಂದು ನನಗಾಗ ಒಂದು ವರ್ಷವೂ ತುಂಬಿರಲಿಲ್ಲ. ಮೇಷ್ಟ್ರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತು ನಿಮ್ಮ ಮುಂದೆ ಮಾತಾಡಲು ಕೂತಿರುವುದು ಆ ಒಂದು ಪ್ರಶ್ನೆಯ ಸಲುವಾಗಿ.

ನಾನು ಮಾಡುತ್ತಿದ್ದ ಕೆಲಸದ ಹೆಸರು ನಿಮ್ಮಲ್ಲಿ ಹಲವರ ಕಿವಿಗೆ ಬಿದ್ದಿರಲಾರದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಶಿಕ್ಷಕರೆಲ್ಲ ಬಿ.ಆರ್.ಸಿ. ಎಂದು ಕರೆಯುವ ಕಚೇರಿಯಲ್ಲಿ, ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಸಮನ್ವಯ ಶಿಕ್ಷಣ ಅವರ ಹೊಣೆ. ಕಣ್ಣು, ಕಿವಿ, ಕೈಕಾಲು, ಬುದ್ಧಿಯ ಬೆಳವಣಿಗೆ, ಮಾತು, ಓದು, ಬರಹ, ಯಾವುದರಲ್ಲೇ ತೊಡಕಿರಲಿ, ಆ ಮಗು ತನ್ನ ಊರಿನ ಶಾಲೆಯಲ್ಲೇ ಎಲ್ಲರ ಜೊತೆ ಕೂತು ಕಲಿಯುವಂತಾಗಬೇಕು. ಅದಕ್ಕೆ ಶಾಲೆಗೆ ಏನು ನೆರವು ಬೇಕೋ ಅದನ್ನು ಒಯ್ದು ಕೊಡುವವರು ಇವರು.

ಇಂಥವರು ಒಂದು ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬರ ಪಾಲಿಗೆ 100 ಶಾಲೆ ಬಂತೆಂದುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿವರೆಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು ಅನ್ನುತ್ತದೆ. ಮಳೆ ಬಿಸಿಲು ಅನ್ನದೆ, ಸಭೆ ತರಬೇತಿ ಅನ್ನದೆ, ದಿನಕ್ಕೊಂದು ಶಾಲೆಗೆ ಹೋದರೂ ಒಂದು ಶಾಲೆಗೆ ಸಿಗುವುದು ವರ್ಷಕ್ಕೆ ಎರಡು ದಿನ. ಉಳಿದ 198 ದಿನ ಆ ಮಗು ಇರುವುದು ಮೇಷ್ಟ್ರ ಜೊತೆಗೆ. ಮೇಷ್ಟ್ರು ಕೇಳಿದ್ದು ಈ 198 ದಿನಗಳ ವಿಚಾರವನ್ನು.

ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ ನಮ್ಮ ನಾಡು ಯೋಚಿಸಿದ್ದು ಇತ್ತೀಚೆಗಲ್ಲ. ಕಿವಿ ಕೇಳದ, ಕಣ್ಣು ಕಾಣದ ಮಕ್ಕಳಿಗಾಗಿ ಮೈಸೂರಿನಲ್ಲಿ 1901ರಲ್ಲೇ ಶಾಲೆ ತೆರೆದಿತ್ತು. ಇವರೆಲ್ಲ ಆದಷ್ಟೂ ಸಾಮಾನ್ಯ ಶಾಲೆಯಲ್ಲೇ ಓದಲಿ ಎಂಬ ಮಾತನ್ನು ಕೊಠಾರಿ ಆಯೋಗ 1966ರ ವರದಿಯಲ್ಲಿ ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕಾಗಿ ಯೋಜನೆಯನ್ನೂ ತಂದಿತು. ಆಮೇಲೆ ಕಾನೂನುಗಳು ಬಂದವು. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯ್ದೆ 21ನ್ನು ಗುರುತಿಸುತ್ತದೆ. ಕಲಿಕಾ ನ್ಯೂನತೆ ಈ ಪಟ್ಟಿಗೆ ಸೇರಿದ್ದು ಆಗಲೇ. ಅಂದರೆ ಬುದ್ಧಿ ಚುರುಕಾಗಿದ್ದೂ ಓದು ಬರಹ ಕೈಗೆ ಹತ್ತದ ಮಗುವಿಗೆ ಕಾನೂನಿನ ಆಸರೆ ಸಿಕ್ಕಿದ್ದು ತೀರ ತಡವಾಗಿ. ಅದಕ್ಕೆ ಮುಂಚೆ ಅಂಥ ಮಗುವಿಗೆ ಶಾಲೆಯಲ್ಲಿ ಇದ್ದ ಹೆಸರು ದಡ್ಡ, ಸೋಮಾರಿ, ಇವೆರಡೇ.

ಜಗುಲಿಯ ಹುಡುಗನೂ ಹಾಗೆಯೇ ಕರೆಸಿಕೊಂಡವನು.

ಎರಡನೆಯ ಸಲ ಆ ಶಾಲೆಗೆ ಹೋದಾಗ ನಾನು ಹುಡುಗನನ್ನು ಹೊರಗೆ ಕರೆಯಲಿಲ್ಲ. ತರಗತಿಯ ಒಳಗೆ ಹೋಗಿ ಹಿಂದುಗಡೆ ಗೋಡೆಗೊರಗಿ ಕೂತೆ. ಮಕ್ಕಳು ಹತ್ತು ನಿಮಿಷ ನನ್ನನ್ನು ತಿರುತಿರುಗಿ ನೋಡಿ ಆಮೇಲೆ ಮರೆತರು. ಮೇಷ್ಟ್ರು ಪಾಠ ಓದಿ ಪ್ರಶ್ನೆ ಕೇಳಿದಾಗ ಮೊದಲು ಕೈ ಎತ್ತಿದವನು ನಮ್ಮ ಹುಡುಗನೇ. ಹಿಂದಿನ ರಾತ್ರಿ ಆನೆ ಬಂದು ರಾಗಿ ಹೊಲ ತುಳಿದದ್ದನ್ನು ಎಷ್ಟು ಚೆನ್ನಾಗಿ ಹೇಳಿದ ಅಂದರೆ ನನಗೇ ಮೈ ಜುಮ್ಮೆಂದಿತು. ಆಮೇಲೆ ಮೇಷ್ಟ್ರು ಬೋರ್ಡಿನ ಮೇಲೆ ಆರು ಸಾಲು ಬರೆದು, ನೋಡಿ ಬರೀರಿ ಅಂದರು. ಅಲ್ಲಿಂದ ಅವನು ಬೇರೆಯೇ ಹುಡುಗ. ತಲೆ ಎತ್ತಿ ಬೋರ್ಡು ನೋಡುತ್ತಾನೆ, ಬಗ್ಗಿ ಒಂದು ಗೆರೆ ಎಳೆಯುತ್ತಾನೆ, ಮತ್ತೆ ತಲೆ ಎತ್ತುತ್ತಾನೆ. ಎಲ್ಲಿ ಬಿಟ್ಟಿದ್ದೆ ಅನ್ನುವುದು ಅಷ್ಟರಲ್ಲಿ ತಪ್ಪಿಹೋಗಿರುತ್ತದೆ. ಉಳಿದವರು ಆರು ಸಾಲು ಮುಗಿಸುವಾಗ ಅವನದು ಒಂದೂವರೆ ಸಾಲು. ‘ಅಕ್ಕ’ ಅನ್ನುವುದು ‘ಅಕ’ ಆಗಿತ್ತು, ‘ಕಾಲು’ ಅನ್ನುವುದು ‘ಕಲು’ ಆಗಿತ್ತು. ಒಂದು ಗಂಟೆಯ ಜಗುಲಿ ಪಾಠದಲ್ಲಿ ನನಗೆ ಇದೊಂದೂ ಕಂಡಿರಲಿಲ್ಲ.

ಇಲ್ಲಿ ನಮ್ಮ ಲಿಪಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಓದಿನ ತೊಡಕನ್ನು ಗುರುತಿಸಲು ಶಾಲೆಗಳಲ್ಲಿ ಸುತ್ತಾಡುವ ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನಿಂದ ಬಂದವು. ಬಿ ಮತ್ತು ಡಿ ಅಕ್ಷರಗಳನ್ನು ಮಗು ಅದಲುಬದಲು ಮಾಡುತ್ತದೆಯೇ ಎಂದು ಅವು ಕೇಳುತ್ತವೆ. ಕನ್ನಡ ಮಾಧ್ಯಮದ ಮಗುವಿಗೆ ಈ ಪ್ರಶ್ನೆಯಿಂದ ಏನು ತಿಳಿದೀತು? ನಮ್ಮ ಮಗು ಎಡವುವುದು ಬೇರೆ ಕಡೆ. 34 ವ್ಯಂಜನಗಳು, ಒಂದೊಂದಕ್ಕೂ ಕಾಗುಣಿತ ಸೇರಿದರೆ ಅಕ್ಷರರೂಪಗಳೇ 400 ದಾಟುತ್ತವೆ. ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಡೀ ಅಕ್ಷರ ಸಮೂಹ ಕೈವಶವಾಗುವುದು ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದರು. ತೊಡಕಿಲ್ಲದ ಮಗುವಿಗೇ ಇಷ್ಟು ಕಾಲ ಬೇಕು. ಒಂದನೆಯ ತರಗತಿಯ ಕೊನೆಗೆ ಕಾಗುಣಿತ ಬಾರದ ಮಗುವನ್ನು ಕಂಡು ಗಾಬರಿಯಾಗುವ ತಂದೆತಾಯಿಗಳು ಈ ಮಾತನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ಸಂಗತಿ ನನಗೆ ತಾಲ್ಲೂಕು ಸುತ್ತುತ್ತ ಸುತ್ತುತ್ತ ಅರ್ಥವಾದದ್ದು. ಇಂಥ ಮಕ್ಕಳಲ್ಲಿ ಬಹಳ ಮಂದಿ ಗಮನಕ್ಕೆ ಬರುವುದು ನಾಲ್ಕನೆಯ ತರಗತಿಯಲ್ಲಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತು ಆಮೇಲೆ ರಾಜ್ಯದ ತುಂಬ ಹಬ್ಬಿದ ನಲಿ-ಕಲಿ ಪದ್ಧತಿ ನಿಮಗೆ ಗೊತ್ತು. ಮೂರನೆಯ ತರಗತಿವರೆಗೆ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಮೆಟ್ಟಿಲಲ್ಲಿ ಹತ್ತು ದಿನ ನಿಂತರೂ ಅವಮಾನವಿಲ್ಲ. ಯಾವ ವಿಶೇಷ ಶಿಕ್ಷಣ ತಜ್ಞರೂ ಒಪ್ಪುವಂಥ ಏರ್ಪಾಡು ಅದು. ನಾಲ್ಕನೆಯದಕ್ಕೆ ಬಂದ ದಿನ ಏಣಿ ಹೋಗುತ್ತದೆ, ಪಠ್ಯಪುಸ್ತಕ ಬರುತ್ತದೆ, ಎಲ್ಲರೂ ಒಂದೇ ಪುಟ ತೆರೆಯಬೇಕಾಗುತ್ತದೆ. ಮೂರು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಅಂತರ ಒಂದೇ ವಾರದಲ್ಲಿ ಬಯಲಾಗುತ್ತದೆ. ನಾಲ್ಕನೆಯ ತರಗತಿಯಲ್ಲೂ ಕೆಲವು ಮಕ್ಕಳಿಗೆ ಏಣಿ ಉಳಿಸಿಕೊಡಿ ಎಂದು ನಾನು ಎಷ್ಟೋ ಶಾಲೆಗಳಲ್ಲಿ ಕೇಳಿಕೊಂಡಿದ್ದೇನೆ. ಉಳಿಸಿಕೊಟ್ಟ ಕಡೆ ಮಕ್ಕಳು ನಿಂತಿದ್ದಾರೆ.

ಆವತ್ತು ಪಾಠ ಮುಗಿದ ಮೇಲೆ ಮೇಷ್ಟ್ರೂ ನಾನೂ ಎದುರುಬದುರು ಕೂತೆವು. ನಾನು ನೋಡಿದ್ದನ್ನು ಹೇಳಿದೆ. ಬೋರ್ಡು ನೋಡಿ ಬರೆಯುವುದರ ಬದಲು ಪಕ್ಕದ ಹುಡುಗಿಯ ಪುಸ್ತಕವನ್ನು ಅವನ ಎಡಗಡೆ ತೆರೆದಿಡೋಣ, ಆರರ ಬದಲು ಎರಡು ಸಾಲು ಸಾಕು ಎಂದೆ. ಅವನು ಹೇಳುವ ಆನೆಯ ಕತೆಯನ್ನು ಯಾರಾದರೂ ಬರೆದುಕೊಳ್ಳಲಿ, ನಾಳೆ ಅವನಿಗೆ ಓದಲು ಅದನ್ನೇ ಕೊಡಿ ಎಂದೆ. ತಾನೇ ಆಡಿದ ಮಾತು ಕಾಗದದ ಮೇಲಿದ್ದರೆ ಮಗು ಅದನ್ನು ಹುಡುಕಿ ಹುಡುಕಿ ಓದುತ್ತದೆ. ದೀರ್ಘವನ್ನು, ಒತ್ತನ್ನು ಬಿಡುವುದಕ್ಕೆ ಏನು ಮಾಡಬೇಕೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದರು. “ಮೇಡಂ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಛಂದಸ್ಸಲ್ಲಿ ಓದಿದ್ದು. ಇದನ್ನ ಚಪ್ಪಾಳೆ ಮಾಡಿಸಿದ್ರೆ?”

ಮರುದಿನದಿಂದ ಇಡೀ ತರಗತಿ ಚಪ್ಪಾಳೆ ಹೊಡೆದು ಓದಿತು. ‘ಕ’ಗೆ ಒಂದು, ‘ಕಾ’ಗೆ ಎರಡು. ‘ಅಕ್ಕ’ ಅನ್ನುವಾಗ ಮೊದಲ ಅಕ್ಷರಕ್ಕೇ ಎರಡು ಏಟು ಬೀಳುತ್ತಿತ್ತು. ಕಣ್ಣಿಗೆ ನಿಲುಕದಿದ್ದ ಒತ್ತು ಆ ಹುಡುಗನ ಅಂಗೈಗೆ ಸಿಕ್ಕಿತು. ಅವನೊಬ್ಬನಿಗೇ ಅಂತ ಬೇರೆ ಪಾಠ ಮಾಡಲಿಲ್ಲ, ತರಗತಿಯ ಎಲ್ಲರಿಗೂ ಅದರಿಂದ ಕಾಗುಣಿತ ಗಟ್ಟಿಯಾಯಿತು. ವರ್ಷದ ಕೊನೆಗೆ ಅವನು ಮೂರನೆಯ ತರಗತಿಯ ಪುಸ್ತಕದ ಅರ್ಧ ಪುಟವನ್ನು ತಡೆತಡೆದು ಓದುತ್ತಿದ್ದ. ಬರಹದಲ್ಲಿ ತಪ್ಪುಗಳು ಉಳಿದೇ ಇದ್ದವು. ಮುಂದೆ ಎಸ್.ಎಸ್.ಎಲ್.ಸಿ.ಯಲ್ಲಿ ಮಂಡಳಿ ಇಂಥ ಮಕ್ಕಳಿಗೆ ಕೊಡುವ ಹೆಚ್ಚುವರಿ ಸಮಯವನ್ನು ಪಡೆದು ಪರೀಕ್ಷೆ ಬರೆದ, ಪಾಸಾದ.

ಈ ಚಪ್ಪಾಳೆಯನ್ನು ನನಗೆ ಯಾವ ತರಬೇತಿಯೂ ಕಲಿಸಿರಲಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರ ಬುತ್ತಿಯಲ್ಲಿ ಅದಿತ್ತು. ಹೊರಗಿನಿಂದ ಬರುವ ತಜ್ಞರು ಮಗುವನ್ನು ನೋಡುವ ಬಗೆಯನ್ನು ತರಬಹುದು. ತರಗತಿಯನ್ನು ಬಲ್ಲವರು ಅಲ್ಲಿಯ ಶಿಕ್ಷಕರೇ. ಎರಡೂ ಒಂದೇ ಮೇಜಿಗೆ ಬಂದಾಗ ಮಾತ್ರ ಇದು ಸಲಹೆ ಆಗುತ್ತದೆ. ಒಬ್ಬರು ಹೇಳಿ ಇನ್ನೊಬ್ಬರು ತಲೆಯಾಡಿಸಿದರೆ ಅದು ತಪಾಸಣೆಯಾಗುತ್ತದೆ, ಮತ್ತು ಶಿಕ್ಷಕರು ತಪಾಸಣೆಗೆ ಹೆದರಿ ಹೆದರಿ ಈಗಾಗಲೇ ದಣಿದಿದ್ದಾರೆ.

ನೆರವಿಗೆಂದು ಬಂದದ್ದು ತಪಾಸಣೆಯಾಗುವುದು ಬುದ್ಧಿ ಪರೀಕ್ಷೆಯ ಕತೆಯಲ್ಲೂ ಆದದ್ದು. ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ 1905ರಲ್ಲಿ ಮೊದಲ ಬುದ್ಧಿ ಪರೀಕ್ಷೆಯನ್ನು ರೂಪಿಸಿದ್ದು ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕೆಂದು ಗುರುತಿಸಲು. ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತ್, 1934ರಲ್ಲಿ. ಬಿನೆ-ಕಾಮತ್ ಪರೀಕ್ಷೆ ಎಂದು ಅದು ಈಗಲೂ ಬಳಕೆಯಲ್ಲಿದೆ. ನೆರವು ಯಾರಿಗೆ ಬೇಕೆಂದು ತಿಳಿಯಲು ಹುಟ್ಟಿದ ಪರೀಕ್ಷೆ ಎಷ್ಟೋ ಶಾಲೆಗಳಲ್ಲಿ ಮಗುವನ್ನು ಹೊರಗಿಡುವ ಸಂಖ್ಯೆಯಾಗಿ ಉಳಿದುಬಿಟ್ಟಿದೆ. ಅಂಕಿ ಬಂದ ಮೇಲೆ ತರಗತಿಯಲ್ಲಿ ಏನು ಬದಲಾಯಿತು ಎಂದು ಕೇಳುವವರಿಲ್ಲ.

ಮಗುವನ್ನು ಪರೀಕ್ಷಿಸಿ ಬರೆದ ವರದಿಗಳದೂ ಅದೇ ಗತಿ. ಪಟ್ಟಣದ ಒಳ್ಳೆಯ ಕೇಂದ್ರಗಳಿಂದ ತಂದೆತಾಯಿಗಳು ಹತ್ತು ಹನ್ನೆರಡು ಪುಟದ ವರದಿ ತರುತ್ತಾರೆ. ಕಷ್ಟಪಟ್ಟು, ಕೂಲಿ ಬಿಟ್ಟು, ಬಸ್ ಚಾರ್ಜು ಹೊಂದಿಸಿಕೊಂಡು ಹೋಗಿ ತಂದದ್ದು. ಅದು ಇಂಗ್ಲಿಷಿನಲ್ಲಿರುತ್ತದೆ, ವೈದ್ಯರು ವೈದ್ಯರಿಗೆ ಬರೆದ ಹಾಗೆ ಇರುತ್ತದೆ. ಮುಖ್ಯೋಪಾಧ್ಯಾಯರು ಅದನ್ನು ಜೋಪಾನವಾಗಿ ಅಲ್ಮೇರಾದಲ್ಲಿ ಇಡುತ್ತಾರೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ವರದಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ ಇದೆ. ಕೊನೆಗೆ ಒಂದೇ ಒಂದು ಪುಟವನ್ನು ಕನ್ನಡದಲ್ಲಿ ಬರೆಯಿರಿ. ಸೋಮವಾರ ಬೆಳಿಗ್ಗೆ ಈ ಮಗುವಿನ ಮೇಷ್ಟ್ರು ಏನು ಮಾಡಬೇಕು, ಅಷ್ಟು ಸಾಕು.

ಅಲ್ಮೇರಾ ಅಂದಾಗ ಒಬ್ಬಳು ಹುಡುಗಿ ನೆನಪಾಗುತ್ತಾಳೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಶ್ರವಣ ಸಾಧನ ಹಾಕಿಸಿಕೊಂಡು ಬಂದವಳು. ನಾನು ಶಾಲೆಗೆ ಹೋದಾಗ ಅವಳ ಕಿವಿಯಲ್ಲಿ ಸಾಧನವಿರಲಿಲ್ಲ. ಎಲ್ಲಿ ಎಂದು ಕೇಳಿದರೆ, ಮಿಸ್ಸು ಬೀಗ ತೆಗೆದು ತಂದು ಕೊಟ್ಟರು. ಕಳೆದುಹೋದೀತೆಂದು ಭದ್ರವಾಗಿ ಇಟ್ಟಿದ್ದರು. ಸೆಲ್ ಮುಗಿದು ತಿಂಗಳುಗಳಾಗಿದ್ದವು. ಮಿಸ್ಸಿಗೆ ಆ ಮಗುವಿನ ಮೇಲೆ ತುಂಬ ಅಕ್ಕರೆ, ಅದಕ್ಕೇ ಸಾಧನ ಮುಟ್ಟಲು ಹೆದರಿಕೆ. ಇಪ್ಪತ್ತು ನಿಮಿಷ ಇಬ್ಬರೂ ಕೂತು ಸೆಲ್ ಹಾಕುವುದು, ತೆಗೆಯುವುದು, ಕಿವಿಯ ಅಚ್ಚನ್ನು ಒರೆಸುವುದು ಮಾಡಿದೆವು. ಹುಡುಗಿಯನ್ನು ಕಿಟಕಿಗೆ ಬೆನ್ನು ಮಾಡಿ ಮುಂದೆ ಕೂರಿಸಿದೆವು, ಮಾತಾಡುವವರ ಮುಖದ ಮೇಲೆ ಬೆಳಕು ಬೀಳಲಿ ಎಂದು. ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳಬೇಡಿ ಮಿಸ್, ನಿಮ್ಮ ತುಟಿ ಅವಳಿಗೆ ಕಾಣಬೇಕು ಎಂದೆ. ಅವರು ಆಮೇಲೆ ಎಂದೂ ಬೋರ್ಡಿಗೆ ಮುಖ ಮಾಡಿ ಮಾತಾಡಲಿಲ್ಲ ಎಂದು ಆ ಹುಡುಗಿಯ ತಾಯಿಯೇ ನನಗೆ ಹೇಳಿದಳು.

ಪಟ್ಟಣದ ಖಾಸಗಿ ಶಾಲೆಗಳಲ್ಲಿ ಇನ್ನೊಂದು ಪದ್ಧತಿ ಬೆಳೆದಿದೆ. ಮಗುವಿನ ಪಕ್ಕ ಇಡೀ ದಿನ ಕೂರಲು ಒಬ್ಬರನ್ನು ನೇಮಿಸುತ್ತಾರೆ, ಸಂಬಳ ತಂದೆತಾಯಿಗಳದು. ಕೆಲವು ಮಕ್ಕಳಿಗೆ ಅದು ಬೇಕೇ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಬಹಳ ಕಡೆ ಪಕ್ಕದಲ್ಲಿ ಕೂತವರು ಮಗುವಿಗೂ ತರಗತಿಯ ಶಿಕ್ಷಕರಿಗೂ ನಡುವೆ ಗೋಡೆಯಾಗುತ್ತಾರೆ. ಶಿಕ್ಷಕರು ಆ ಮಗುವಿನ ಹೆಸರು ಹಿಡಿದು ಕರೆಯುವುದನ್ನೇ ಬಿಡುತ್ತಾರೆ. ಹಾಗಾಗಿದ್ದರೆ ತಂದೆತಾಯಿಗಳು ಮೊದಲು ಕೇಳಬೇಕಾದ್ದು, ವಾರಕ್ಕೊಮ್ಮೆ ಆ ಇಬ್ಬರೂ ಕೂತು ಮಾತಾಡುತ್ತಾರೆಯೇ ಎಂದು.

ಶಾಲೆಗೆ ಬರಲಾಗದ ಮಕ್ಕಳ ಮಾತು ಬೇರೆ. ತೀವ್ರ ವೈಕಲ್ಯವಿರುವ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯಬಹುದು ಎಂಬ ಅವಕಾಶ ಶಿಕ್ಷಣ ಹಕ್ಕು ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂತು. ಏಳಲಾರದ, ಕೂರಲಾರದ ಮಗುವಿನ ಹಾಸಿಗೆಯ ಬಳಿ ಹೋಗಿ ಪಾಠ ಮಾಡಿದ ದಿನಗಳನ್ನು ನಾನು ಮರೆಯಲಾರೆ. ಅದು ಆ ಮಗುವಿನ ಹಕ್ಕು. ಆದರೆ ಶಾಲೆಗೆ ಬರಬಲ್ಲ ಮಗುವನ್ನು ಗಲಾಟೆ ಮಾಡುತ್ತದೆ, ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ ಎಂಬ ಕಾರಣಕ್ಕೆ ಮನೆ ಶಿಕ್ಷಣದ ಪಟ್ಟಿಗೆ ಸೇರಿಸುವುದು ತಪ್ಪು. ಅಂಥ ಹೆಸರುಗಳನ್ನು ನಾನು ಪಟ್ಟಿಯಿಂದ ತೆಗೆಸಿದ್ದೇನೆ.

ಇಷ್ಟು ಹೇಳಿದ ಮೇಲೆ ಸರ್ಕಾರದ ಪಾಲಿನ ಮಾತನ್ನೂ ಆಡಬೇಕು. ಹತ್ತಿರ ಕೂತು ಸಲಹೆ ಕೊಡಲು ಮನುಷ್ಯರು ಬೇಕಲ್ಲವೇ? 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಎಷ್ಟು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಗೊತ್ತುಪಡಿಸಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಕೇಂದ್ರ ಸರ್ಕಾರ 2022ರಲ್ಲಿ, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂದು ಗೊತ್ತುಪಡಿಸಿತು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು ರಾಜ್ಯಗಳಿಗೆ ಮತ್ತೊಮ್ಮೆ ಆದೇಶಿಸಿತು. ಹತ್ತು ಮಕ್ಕಳಿಗೆ ಒಬ್ಬರು ಎಲ್ಲಿ, ನೂರು ಶಾಲೆಗೆ ಒಬ್ಬರು ಎಲ್ಲಿ! ಈ ಹುದ್ದೆಗಳು ತುಂಬಲೇಬೇಕು. ತುಂಬಿದ ಮೇಲೂ ಬಂದವರು ಮಗುವನ್ನು ಜಗುಲಿಗೆ ಕರೆದೊಯ್ದು ಕೂರಿಸಿಕೊಂಡರೆ ಮೇಷ್ಟ್ರ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ, ನಿಮ್ಮ ತಾಲ್ಲೂಕಿನ ಬಿ.ಆರ್.ಸಿ.ಗೆ ಹೋಗಿ ಬಿ.ಐ.ಇ.ಆರ್.ಟಿ. ಯಾರು ಎಂದು ಕೇಳಿ, ಅವರ ಫೋನ್ ನಂಬರು ಬರೆದುಕೊಳ್ಳಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್.ಡಿ.ಎಂ.ಸಿ.ಯ ಸದಸ್ಯರೇ, ನಿಮ್ಮ ಶಾಲೆಗೆ ಈ ವರ್ಷ ಅವರು ಎಷ್ಟು ಸಲ ಬಂದರು, ಬಂದಾಗ ಯಾರ ಜೊತೆ ಕೂತರು ಎಂದು ಸಭೆಯಲ್ಲಿ ಕೇಳಿ. ಮುಖ್ಯೋಪಾಧ್ಯಾಯರಲ್ಲಿ ನನ್ನ ಬಿನ್ನಹ ಇಷ್ಟೇ. ಅವರು ಬರುವ ದಿನ ಆ ತರಗತಿಯ ಶಿಕ್ಷಕರನ್ನು ಬ್ಯಾಂಕಿಗೋ ಮಾಹಿತಿ ತುಂಬಲೋ ಕಳುಹಿಸಬೇಡಿ. ಪಾಠ ಮುಗಿದ ಮೇಲೆ ಇಬ್ಬರಿಗೂ ಎರಡು ಕುರ್ಚಿ ಹಾಕಿಸಿ, ಅರ್ಧ ಗಂಟೆ ಯಾರೂ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ.